ಥಂಡಿಯ ಮೇಲಿನ ದೂರು

೨ ಡಿಸೆಂಬರ್ ೨೦೨೫, ಮಂಗಳವಾರ

ಸ್ಕೂಟರ್ ಇವತ್ತು ಅಂಗಳದಲ್ಲೇ ಮಾನ ಕಳೆಯಿತು. ಶಾರದಾ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು. ನಾನು ಚೋಕ್ ಎಳೆದು ಕಿಕ್ ಹೊಡೆದೆ. ಗಾಡಿಯನ್ನು ಒಂದು ಪಕ್ಕಕ್ಕೆ ನೆಲ ತಾಗುವಷ್ಟು ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಹೊಡೆದೆ. ಕೆಮ್ಮಿತು, ಸುಮ್ಮನಾಯಿತು. ಎದುರು ಮನೆಯ ಪೀರಪ್ಪ ಹಲ್ಲುಜ್ಜುತ್ತಾ ಬಂದು ನಿಂತ.

“ಸಾಹೇಬ್ರ, ಅದಕ್ಕೊಂದು ಕಪ್ ಚಾ ಕುಡಸ್ರಿ. ಎದ್ದೇಳ್ತದ.”

“ನೀ ಮೊದಲ ಬಾಯಿ ತೊಳ್ಕೊ ಹೋಗಲೇ,” ಎಂದೆ.

ಬಿಸಿಲು ಬಿದ್ದ ಮೇಲೆಯೇ ಅದು ಶುರುವಾದದ್ದು. ಆಳಂದದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಾರದಾಳ ಪಾಳಿ ಅರ್ಧ ಕಳೆದಿತ್ತು. ಎರಡೂ ಮೂತ್ರಪಿಂಡಗಳು ಕೈಬಿಟ್ಟ ಮೇಲೆ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಹೊತ್ತು ಅಲ್ಲಿಯ ಡಯಾಲಿಸಿಸ್ ಯಂತ್ರ ಅವಳದು. ತಡವಾದಷ್ಟು ಹೊತ್ತು ಕಡಿತ. ಮುಂದಿನ ಪಾಳಿಯವರೂ ಬದುಕಬೇಕಲ್ಲ. ತೆಗೆಯದೆ ಉಳಿದ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಹೀಗಾಗಿ ಈ ಮುದಿ ಗಾಡಿ ಶುರುವಾಗುವುದು ಬಿಡುವುದು ನನ್ನ ಹೆಂಡತಿಯ ಉಸಿರಿನ ಮಾತು.

ಒಂದು ಕಾಲಕ್ಕೆ ನಮ್ಮೂರು ಕಿಣ್ಣಿ ಸುಲ್ತಾನದಿಂದ ನಸುಕಿಗೇ ಬಸ್ಸಿತ್ತು. ನನಗೆ ನೆನಪಿದೆ. ಜೇವರ್ಗಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದಾಗ ಹಬ್ಬಕ್ಕೆ ಊರಿಗೆ ಬಂದರೆ ಅದರ ಹಾರನ್ನಿಗೇ ಎಚ್ಚರವಾಗುತ್ತಿತ್ತು. ಈಗಿಲ್ಲ. ಯಾಕಿಲ್ಲ ಎಂದು ಕೇಳಿದರೆ ಮಂದಿ ಹತ್ತುವುದಿಲ್ಲ ಎನ್ನುತ್ತಾರೆ. ಬಸ್ಸೇ ಇಲ್ಲದ ಮೇಲೆ ಮಂದಿ ಯಾವುದಕ್ಕೆ ಹತ್ತಬೇಕು? ಪೀರಪ್ಪನ ಬಾಡಿಗೆಯ ಟಂಟಂ ಆಟೋ ಇದೆ. ಆದರೆ ಅದು ಮಂದಿ ತುಂಬುವ ತನಕ ಮಿಸುಕುವುದಿಲ್ಲ, ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೆ ಹತ್ತಿರ ಬಂದಿರುತ್ತದೆ.

ಥಂಡಿಗೆ ಪೆಟ್ರೋಲು ಆವಿಯಾಗಲು ಸೋಮಾರಿತನ ಮಾಡುತ್ತದೆ. ಹನಿಯಾಗಿಯೇ ಒಳಗೆ ಹೋಗಿ ಪ್ಲಗ್ಗನ್ನು ತೋಯಿಸುತ್ತದೆ. ತೊಯ್ದ ಪ್ಲಗ್ಗಿನಲ್ಲಿ ಕಿಡಿ ಹುಟ್ಟುವುದಿಲ್ಲ. ಪೆಟ್ರೋಲಿನೊಳಗೆ ಬೆರೆಸಿದ ಎಣ್ಣೆಯೂ ದಪ್ಪಗಾಗಿರುತ್ತದೆ. ಇದೆಲ್ಲವನ್ನು ದಾರಿಯುದ್ದಕ್ಕೂ ಶಾರದಾಳಿಗೆ ವಿವರಿಸಿದೆ. ಅವಳು ನನ್ನ ಬೆನ್ನಿಗೆ ಹಣೆ ಹಚ್ಚಿ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ.

೫ ಡಿಸೆಂಬರ್, ಶುಕ್ರವಾರ

ರಾತ್ರಿ ಇಂಜಿನ್ನಿಗೆ ಹಳೆಯ ಕೌದಿ ಹೊದಿಸಿದ್ದೆ. ಬೇಗ ಶುರುವಾಯಿತು. ವೇಳೆಗೆ ಸರಿಯಾಗಿ ಮುಟ್ಟಿದೆವು.

ಶಾರದಾಳ ಪಕ್ಕದ ಹಾಸಿಗೆಯ ಕರೀಮುನ್ನಿಸಾ ಕೌದಿಯ ಸುದ್ದಿ ಕೇಳಿ ನಕ್ಕಳು. ಆಳಂದದವಳೇ. ಬಹಳ ದಿನದಿಂದ ಆ ಹಾಸಿಗೆ ಅವಳದು.

“ಅಕ್ಕಾ, ನಿಮ್ಮ ಸಾಹೇಬ್ರು ಸ್ಕೂಟರ್ ಜೋಡಿ ನಿಕಾ ಆಗ್ಯಾರ ನೋಡ್ರಿ. ನಿಮ್ಮ ಜೋಡಿ ಅಲ್ಲ.”

“ಹೌದ್ರಿ ಮತ್ತ, ನಾ ಸವತಿ,” ಎಂದಳು ಶಾರದಾ. “ಆಕಿಗಿ ಥಂಡಿ ಆದ್ರ ಕೌದಿ ಹೊಚ್ಚತಾರ. ನನಗ ಥಂಡಿ ಆದ್ರ ಭಾಷಣ ಮಾಡ್ತಾರ.”

ಇಬ್ಬರೂ ಕೈಗೆ ಸೂಜಿ ಚುಚ್ಚಿಸಿಕೊಂಡೇ ನಕ್ಕರು. ನಾನು ಪತ್ರಿಕೆ ಹಿಡಿದು ಹೊರಗೆ ಬಂದೆ. ಒಳಗಿನ ಆ ವಾಸನೆ, ಕೆಂಪು ನಳಿಗೆಗಳು ನನಗೆ ಆಗುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಓದುತ್ತೇನೆ. ಥಂಡಿಯ ಬಗ್ಗೆ ಪತ್ರಿಕೆಯಲ್ಲಿ ಎಷ್ಟು ಬರೆದಿದ್ದಾರೆ! ನಸುಕಿನಲ್ಲಿ ಆಸ್ಪತ್ರೆಗೆ ಹೋಗುವವರ ಬಗ್ಗೆ ಒಂದು ಸಾಲಿಲ್ಲ.

೯ ಡಿಸೆಂಬರ್, ಮಂಗಳವಾರ

ಶಾರದಾಳನ್ನು ಒಳಗೆ ಬಿಟ್ಟು, ಮೆಕ್ಯಾನಿಕ್ ಬಂದೇನವಾಜನ ಗ್ಯಾರೇಜಿಗೆ ಹೋದೆ. ಅವನು ಪ್ಲಗ್ಗು ಬದಲಿಸಿದ, ಕಾರ್ಬ್ಯುರೇಟರ್ ತೊಳೆದ.

“ಸಾಬ್, ಇದು ನಿಮ್ಮಕಿಂತ ಮೊದ್ಲ ರಿಟೈರ್ ಆಗಬೇಕಾಗಿತ್ತು.”

“ಅದಕ್ಕ ಪೆನ್ಶನ್ ಇಲ್ಲ ಅಂತ ದುಡಿಯಾಕತ್ತದ,” ಎಂದೆ.

“ಒಳಗಿನ ಸೂಜಿ ಸವದದ. ಹೊಸಾದು ಸಿಗಂಗಿಲ್ಲ. ಸಂಜಿಗಿ ಕಾಕ್ ಬಂದ್ ಮಾಡೂದು ಒಂದು ಮರೀಬ್ಯಾಡ್ರಿ. ಇಲ್ಲಂದ್ರ ಮುಂಜಾನಿ ತನಕ ಪೆಟ್ರೋಲ್ ಇಳದು ಪ್ಲಗ್ ಈಜಾಡತದ.”

ಕಾಕ್ ಎಂದರೆ ಸೀಟಿನ ಕೆಳಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ಸಣ್ಣ ಹಿಡಿಕೆ. ಇದನ್ನು ಅವನು ನನಗೆ ಹೇಳಬೇಕೆ? ಗಾಡಿ ಕೊಂಡ ದಿನದಿಂದ ಸಂಜೆ ಅದನ್ನು ಮುಚ್ಚದೆ ನಾನು ಮನೆಯೊಳಗೆ ಕಾಲಿಟ್ಟಿಲ್ಲ. ಜೇವರ್ಗಿಯಲ್ಲಿ ನನ್ನನ್ನು ನಡೆದಾಡುವ ಕಡತ ಎನ್ನುತ್ತಿದ್ದರು. ಯಾವ ದಾವೆಯಲ್ಲಿ ಯಾವ ಸಾಕ್ಷಿ ಯಾವ ವಾಯಿದೆಗೆ ಗೈರಾಗಿದ್ದ ಎಂಬುದನ್ನು ಕಡತ ತೆರೆಯದೆ ಹೇಳುತ್ತಿದ್ದೆ. ನ್ಯಾಯಾಧೀಶರು ತಲೆಯೆತ್ತಿ ನೋಡುತ್ತಿದ್ದರು.

೧೬ ಡಿಸೆಂಬರ್, ಮಂಗಳವಾರ

ಕರೀಮುನ್ನಿಸಾಳ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಅವಳು ಶನಿವಾರ ತೀರಿಕೊಂಡಳಂತೆ. ಹಿಂದಿನ ಎರಡು ಪಾಳಿಗೆ ಕಾಣದಿದ್ದುದು, ತಾನೇ ಬರುವುದನ್ನು ಬಿಟ್ಟದ್ದರಿಂದಂತೆ. ಮನೆಯವರು ಎಷ್ಟು ಹೇಳಿದರೂ ಒಪ್ಪಲಿಲ್ಲ ಎಂದು ನರ್ಸಮ್ಮ ಹೇಳಿದರು.

 ಬರುವ ದಾರಿಯಲ್ಲಿ, ತೊಗರಿ ಹೊಲಗಳ ಹತ್ತಿರ ಬಂದಾಗ ಶಾರದಾ ಹಿಂದಿನಿಂದ ಕೇಳಿದಳು.

“ಮನ್ಯಾಗ ಹೋದ್ಳೇನ್ರಿ ಆಕಿ?”

“ಹೌದಂತ.”

“ಮಕ್ಕಳು ಮೊಮ್ಮಕ್ಕಳು ಬಾಜೂಕ ಇದ್ರೇನು?”

“ಇರಬಹುದು. ಎಂಥ ಮೂರ್ಖತನ ನೋಡು. ಯಂತ್ರ ಅದ, ಡಾಕ್ಟರ್ ಅದಾರ, ಎಲ್ಲಾ ಪುಕಟ ಅದ. ಹೋಗೂದು ಬಿಟ್ಟು…”

ನಾನು ಇನ್ನೂ ಬಹಳ ಹೇಳಿದೆ. ಗಾಳಿಯಲ್ಲಿ ಅವಳಿಗೆ ಪೂರ್ತಿ ಕೇಳಿಸಿರಲಿಕ್ಕಿಲ್ಲ.

೧೯ ಡಿಸೆಂಬರ್, ಶುಕ್ರವಾರ, ಎಳ್ಳಮಾವಾಸ್ಯೆ

ಈ ವರ್ಷ ಹಬ್ಬ ಡಯಾಲಿಸಿಸ್ಸಿನ ದಿನವೇ ಬಂದಿತು. ಹೋಗಿಬಂದು ಮಧ್ಯಾಹ್ನ ಹೊಲಕ್ಕೆ ಹೋಗೋಣ ಎಂದಿದ್ದೆ. ಸ್ಕೂಟರ್ ಶುರುವಾಗಲೇ ಇಲ್ಲ. ಚೋಕ್ ಎಳೆದಷ್ಟೂ, ವಾಲಿಸಿದಷ್ಟೂ ಹಟ ಹೆಚ್ಚಾಯಿತು. ಪ್ಲಗ್ ಬಿಚ್ಚಿದರೆ ನೀರಲ್ಲಿ ಅದ್ದಿದ ಹಾಗೆ. ಇಂಥ ಥಂಡಿ ಈಚಿನ ವರ್ಷಗಳಲ್ಲಿ ಇರಲಿಲ್ಲ. ಪೀರಪ್ಪನ ಟಂಟಂ ಬಂಧುಗಳನ್ನು ಹೇರಿಕೊಂಡು ನಸುಕಿಗೇ ಹೊಲಕ್ಕೆ ಹೋಗಿತ್ತು. ಊರಿಗೆ ಊರೇ ಹೊಲದಲ್ಲಿ. ಯಾರನ್ನು ಕೇಳುವುದು?

ಪಾಳಿ ತಪ್ಪಿತು. ಆಸ್ಪತ್ರೆಗೆ ಫೋನು ಮಾಡಿದರೆ, ಮಂಗಳವಾರ ಬರ್ರಿ, ಅಲ್ಲೀತನಕ ನೀರು ಕಡಿಮಿ ಕುಡಸ್ರಿ, ಉಸಿರು ಹತ್ತಿದ್ರ ತಕ್ಷಣ ಕರ್ಕೊಂಡ ಬರ್ರಿ ಎಂದರು.

ನಾನು ಅಂಗಳದಲ್ಲಿ ಕೂಗಾಡುತ್ತಿದ್ದೆ. ಶಾರದಾ ಬಂದು, “ಬಾಜೂ ಮನ್ಯಾವ್ರ ಬಂಡಿ ಒಂದು ಈಗ ಹೊಂಟದ, ಹೊಲಕ್ಕರೆ ಹೋಗೋಣ ನಡೀರಿ,” ಎಂದಳು. ಹೋದೆವು. ಜೋಳದ ತೆನೆಗಳ ನಡುವೆ ಕಂಬಳಿ ಹಾಸಿ ಕೂತು, ಅವಳಿಗೆ ಮುಟ್ಟಲೂ ಬಾರದ ಭಜ್ಜಿ ಪಲ್ಯವನ್ನು ಸಜ್ಜೆ ರೊಟ್ಟಿಯಲ್ಲಿ ಎರಡು ತುತ್ತು ತಿಂದಳು. ಕಾಳು, ಸೊಪ್ಪು, ಎಲ್ಲವೂ ಅವಳಿಗೆ ವಿಷ. ನಾನು ಕೈ ಹಿಡಿದೆ.

“ಬಿಡ್ರಿ, ವರ್ಷಕ್ಕೊಮ್ಮಿ ಬರ್ತದ ಹಬ್ಬ.”

ಅವಳು ಹೆಂಗಸರ ಜೊತೆ ಅಷ್ಟು ನಕ್ಕದ್ದನ್ನು ಈಚೆಗೆ ನೋಡಿರಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ. ಬಸ್ಸಿನ ಬಗ್ಗೆ ಇನ್ನೊಂದು ಅರ್ಜಿಯ ಸಾಲುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

೨೨ ಡಿಸೆಂಬರ್, ಸೋಮವಾರ

ಅರ್ಜಿ ಕೊಡಲು ಬೆಳಿಗ್ಗೆ ಆಳಂದಕ್ಕೆ ಹೋದೆ. ಇಬ್ಬನಿ ಬಿದ್ದು ಸೀಟು ಒದ್ದೆಯಾಗಿತ್ತು, ಕೈ ಸೆಟೆದಿತ್ತು. ಆದರೂ ಗಾಡಿ ಮೊದಲ ಕಿಕ್ಕಿಗೇ ಶುರು! ಬೇಕಾದ ವಾಯಿದೆಗೆ ಗೈರು, ಬೇಡವಾದಾಗ ಹಾಜರು. ಇಂಥ ಸಾಕ್ಷಿಗಳನ್ನು ನಾನು ಬಹಳ ಕಂಡಿದ್ದೇನೆ.

೨೩ ಡಿಸೆಂಬರ್, ಮಂಗಳವಾರ

ಮತ್ತೆ ಅದೇ. ಪ್ಲಗ್ ಒದ್ದೆ. ಟಂಟಂ ಹತ್ತಿ ತಡವಾಗಿ ಹೋದೆವು. ಅವಳ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿಲ್ಲ. ಕುಡಿಯುವ ನೀರನ್ನು ಇನ್ನಷ್ಟು ಕಡಿಮೆ ಮಾಡಿದ್ದೇನೆ. ನನ್ನ ಕೈಯಿಂದಲೇ ಅಳತೆ.

೨೬ ಡಿಸೆಂಬರ್, ಶುಕ್ರವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಗಾಡಿ ಕೆಮ್ಮಿದಾಗ ಬಗ್ಗಿ ನೋಡಿದೆ. ಕಾಕ್ ತೆರೆದಿತ್ತು. ಪೂರ್ತಿ ತೆರೆದಿತ್ತು. ಈವರೆಗೆ ನಾನು ಅದನ್ನು ನೋಡಿಯೇ ಇರಲಿಲ್ಲ. ಮುಚ್ಚಿರುತ್ತದೆ ಎಂದೇ ಕೈ ಹಾಕಿ, ತಿರುಗಿಸಿದಂತೆ ಮಾಡಿ ಕಿಕ್ ಹೊಡೆಯುತ್ತಿದ್ದೆ. ಅಭ್ಯಾಸದ ಕೈಗೆ ಕಣ್ಣಿರುವುದಿಲ್ಲ.

ಅಂದರೆ ನಿನ್ನೆ ಸಂಜೆ ನಾನು ಅದನ್ನು ಮುಚ್ಚಲಿಲ್ಲ. ಮುಚ್ಚಿದ್ದು ನೆನಪಿದೆ. ಹಿಡಿಕೆಯ ತಣ್ಣನೆಯ ಸ್ಪರ್ಶವೂ ನೆನಪಿದೆ. ಆದರೆ ಅದು ನಿನ್ನೆಯದೋ, ಮೊನ್ನೆಯದೋ, ಹೋದ ವರ್ಷದ್ದೋ? ಹಾಗಾದರೆ ಹಬ್ಬದ ದಿನವೂ, ಮಂಗಳವಾರವೂ ನಾನೇ ತೆರೆದಿಟ್ಟಿದ್ದೆನೆ? ಶಾರದಾಳ ಪಾಳಿಯನ್ನು ತಿಂದವನು ನಾನೆ? ಇಷ್ಟು ದಿನ ಥಂಡಿಯನ್ನು ಬೈದೆ, ಊರಿನ ಬಸ್ಸನ್ನು ಬೈದೆ.

ಅವಳಿಗೆ ಹೇಳಲಿಲ್ಲ. “ಯಾಕ್ರಿ, ಏನ್ ನೋಡಾಕತ್ತೀರಿ?” ಎಂದಳು. “ಥಂಡಿ ಭಾಳ ಅದ,” ಎಂದೆ.

೩೦ ಡಿಸೆಂಬರ್, ಮಂಗಳವಾರ

ನಿನ್ನೆ ಸಂಜೆ ಕಾಕ್ ಮುಚ್ಚುವಾಗ ಜೋರಾಗಿ ಹೇಳಿಕೊಂಡೆ, “ಮುಚ್ಚಿದೆ” ಎಂದು. ಬೆಳಿಗ್ಗೆ ತೆರೆದಿತ್ತು. ಪ್ಲಗ್ ಒರೆಸಿ, ಪಾಳಿಗೆ ಮತ್ತೆ ತಡವಾಗಿ ಮುಟ್ಟಿದೆವು.

ನನ್ನ ತಂದೆಗೂ ಕಡೆಗಾಲಕ್ಕೆ ಹೀಗೇ ಆಗಿತ್ತು. ಊಟ ಮಾಡಿ ಎದ್ದು, ಯಾರೂ ಉಣ್ಣಲು ಕೊಟ್ಟಿಲ್ಲ ಎನ್ನುತ್ತಿದ್ದರು.

೫ ಜನವರಿ ೨೦೨೬, ಸೋಮವಾರ

ಶುಕ್ರವಾರವೂ ತೆರೆದಿತ್ತು. ಶನಿವಾರ, ಭಾನುವಾರ ಮುಚ್ಚಿತ್ತು. ರೋಗ ಹೀಗೆ ಬಿಟ್ಟು ಬಿಟ್ಟು ಬರುತ್ತದೆಂದು ಎಲ್ಲೋ ಓದಿದ್ದೇನೆ.

ಇವತ್ತು ರಾತ್ರಿ ಊಟಕ್ಕೆ ಮೊದಲು ಕನ್ನಡಿಯ ಮುಂದೆ ನಿಂತು, ನಾನು ಕೈಕೆಳಗೆ ಕೆಲಸ ಮಾಡಿದ ನ್ಯಾಯಾಧೀಶರ ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ನಡುವೆ ಒಬ್ಬರ ಹೆಸರು ಬರಲಿಲ್ಲ. ಎತ್ತರದವರು, ಎಡಗೈಲಿ ಬರೆಯುತ್ತಿದ್ದರು. ಮುಖ ಬಂತು, ಧ್ವನಿ ಬಂತು, ಹೆಸರು ಬರಲೇ ಇಲ್ಲ. 

ಇಂಥವನ ಬೆನ್ನ ಹಿಂದೆ ಕೂತು ಶಾರದಾ ಆ ದಾರಿಯಲ್ಲಿ ಬರುತ್ತಾಳೆ. ನಾಳೆ ಬ್ರೇಕು ಯಾವುದು ಎಂಬುದನ್ನೇ ಮರೆತರೆ? ಮಗಳು ಸೃಷ್ಟಿಗೆ ಜೇವರ್ಗಿಗೆ ಫೋನು ಮಾಡಿದೆ. ತಾಯಿಯನ್ನು ಕರೆದುಕೊಂಡು ಹೋಗು, ಅಲ್ಲಿಂದಲೇ ಡಯಾಲಿಸಿಸ್‌ಗೆ ವ್ಯವಸ್ಥೆ ಮಾಡು ಎಂದೆ. ಯಾಕೆ ಎಂದು ಕೇಳಿದಳು. ಬಾ, ಹೇಳುತ್ತೇನೆ ಎಂದೆ.

ಈ ಮನೆಯಲ್ಲಿ ಶಾರದಾ ಇಲ್ಲದ ಬೆಳಗನ್ನು ಊಹಿಸಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ. ಆದರೂ ಅವಳು ಎಲ್ಲಾದರೂ ಬದುಕಿರಲಿ.

೬ ಜನವರಿ, ಮಂಗಳವಾರ

ಬೆಳಿಗ್ಗೆ ಕಾಕ್ ತೆರೆದೇ ಇತ್ತು. ಕಿಕ್ ಹೊಡೆಯಲಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

“ಶಾರದಾ, ನನ್ನ ತಲಿ ಕೈಕೊಡಾಕತ್ತದ. ಕಾಕ್ ಮುಚ್ಚೀನಿ ಅನಸ್ತದ, ಮುಂಜಾನಿ ನೋಡಿದ್ರ ತೆರದಿರ್ತದ. ಇನ್ನ ನಿನ್ನ ಹಿಂದ ಕೂಡಿಸ್ಕೊಂಡು ನಾ ಗಾಡಿ ಹೊಡಿಯಂಗಿಲ್ಲ. ಸೃಷ್ಟಿಗೆ ಹೇಳೀನಿ, ನಿನ್ನ ಜೇವರ್ಗಿಗಿ ಕರ್ಕೊಂಡು ಹೋಗ್ತಾಳ. ನನ್ನೂ ಯಾರಿಗರೆ ತೋರಸ್ಬೇಕು.”

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು.

“ನಿಮ್ಮ ತಲಿಗಿ ಏನೂ ಆಗಿಲ್ರಿ.”

“ನಿನಗ ತಿಳಿಯಂಗಿಲ್ಲ…”

“ತಿಳಿತದ. ನಾನೇ ತೆರೀತಿದ್ದೆ.”

ನನಗೆ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು. ಸಂಜೆ ಅಂಗಳದ ಬಾಗಿಲು ಹಾಕಲು ಹೋದಾಗ, ಸೋಮವಾರ ಮತ್ತು ಗುರುವಾರ, ಸೀಟಿನ ಕೆಳಗೆ ಕೈ ಹಾಕಿ ತಿರುಗಿಸಿ ಬರುತ್ತಿದ್ದಳಂತೆ. ಕರೀಮುನ್ನಿಸಾ ಹೋದ ಮೇಲಿನಿಂದ. ಗಾಡಿ ಏಕೆ ಶುರುವಾಗುವುದಿಲ್ಲ ಎಂದು ವರ್ಷಗಟ್ಟಲೆ ನಾನೇ ಅವಳಿಗೆ ವಿವರಿಸಿದ್ದೇನಲ್ಲ.

“ಯಾಕ?”

“ಸಾಕಾಗ್ಯದ್ರಿ. ಒಂದಿನ ಅಲ್ಲಿ, ಮರುದಿನ ಪೂರಾ ಹಾಸಗ್ಯಾಗ. ಏಳ್ಬೇಕು ಅನ್ನೂದ್ರಾಗ ಮತ್ತ ಪಾಳಿ ಬರ್ತದ. ನಡುವ ನಂದು ಅಂತ ಏನ್ ಉಳೀತದ?”

“ಬ್ಯಾಡ ಅಂತ ಬಾಯಿಬಿಟ್ಟು ಹೇಳಬೇಕಿತ್ತು.”

“ಹೇಳಿದ್ರ ನೀವು ವಾದಕ್ಕ ನಿಲ್ತಿದ್ರಿ. ನಿಮ್ಮ ಮುಂದ ನಾ ಯಾವತ್ತ ಗೆದ್ದೀನ್ರಿ? ಸೃಷ್ಟಿ ಅಳ್ತಿದ್ಳು. ನಾಳಿಗಿ ಮಂದಿ, ಗಂಡ ದವಾಖಾನಿಗಿ ಒಯ್ಯಲಿಲ್ಲ ಅಂತ ನಿಮ್ಮನ್ನ ಅಂತಿದ್ರು. ಥಂಡಿ ಮ್ಯಾಲ ಹಾಕಿದ್ರ ಯಾರ ಮ್ಯಾಲೂ ಬರಂಗಿಲ್ಲ ಅಂತ ತಿಳ್ಕೊಂಡೆ.”

ಶಾಲಿನ ಅಂಚು ಬಿಟ್ಟು ಅವಳೇ ಮತ್ತೆ ಹೇಳಿದಳು. “ನೀವು ಥಂಡಿ, ಥಂಡಿ ಅಂತ ಬೈಯುವಾಗೆಲ್ಲ ನನಗ ಆರಾಮ ಇತ್ರಿ. ನಿನ್ನಿ ಕನ್ನಡಿ ಮುಂದ ನಿಂತು ಜಡ್ಜ್ ಸಾಹೇಬ್ರ ಹೆಸರು ಹೇಳಿ ಹೇಳಿ ನಿಂತು ಬಿಟ್ರಿ. ಅಡಗಿ ಮನ್ಯಾಗ ಕೇಳಿಸ್ಕೊಂಡೆ. ಅದು ನನಗ ತಡಕೊಳ್ಳಾಕ ಆಗಲಿಲ್ಲ.”

ನನಗೆ ಮೊದಲು ಬಂದದ್ದು ಸಮಾಧಾನ. ನನ್ನ ನೆನಪು ಹೋಗಿಲ್ಲ. ಆಮೇಲೆ ಬಂದದ್ದನ್ನು ಬರೆಯಲಾರೆ.

“ಪ್ಲಗ್ ಒರಸ್ರಿ,” ಎಂದಳು. “ಇವತ್ತು ಬರ್ತೀನಿ, ನಡೀರಿ.”

೭ ಜನವರಿ, ಬುಧವಾರ

ಇಡೀ ದಿನ ಗಾಡಿ ಒರೆಸುತ್ತಾ ಅಂಗಳದಲ್ಲೇ ಇದ್ದೆ. ಊಟಕ್ಕೆ ಬರ್ರಿ ಎಂದಳು. ಹೋದೆ.

೯ ಜನವರಿ, ಶುಕ್ರವಾರ

ಇವತ್ತು ಪತ್ರಿಕೆ ಒಯ್ಯಲಿಲ್ಲ. ಒಳಗೆ ಅವಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಅವಳ ಎಡಗೈ ನೋಡಿದೆ. ಮೊಣಕೈಯಿಂದ ಕೆಳಗೆ ಚುಚ್ಚಿ ಚುಚ್ಚಿ ನರ ಹಗ್ಗದಂತೆ ಉಬ್ಬಿದೆ. ಮದುವೆಯಲ್ಲಿ ನಾನು ಹಿಡಿದ ಕೈ. ಯಂತ್ರ ತಿರುಗತೊಡಗಿದ ಮೇಲೆ ಅವಳ ತುಟಿಗಳು ಬೆಳ್ಳಗಾದವು. ನಡುವೆ ಕಾಲಿನ ಮೀನಖಂಡ ಸೆಟೆದು, ಹಲ್ಲು ಕಚ್ಚಿಕೊಂಡಳು.  ನಾನು ಕಾಲು ತಿಕ್ಕಿದೆ.

“ಪ್ರತಿ ಸಲ ಹಿಂಗ ಆಗ್ತದೇನು?” ಎಂದು ಕೇಳಿದೆ.

“ಹೊರಗ ಬಿಸಲ ಚೊಲೋ ಅದ, ಹೋಗಿ ಕೂಡ್ರಿ,” ಎಂದಳು.

ಹೋಗಲಿಲ್ಲ.

೧೮ ಜನವರಿ, ಭಾನುವಾರ

ಸಂಕ್ರಮಣ ಮುಗಿಸಿಕೊಂಡು ಸೃಷ್ಟಿ ಜೇವರ್ಗಿಯಿಂದ ಬಂದಳು. ಶಾರದಾ ಅವಳಿಗೆ ತಾನೇ ಎಲ್ಲ ಹೇಳಿದಳು. ನಾನು ಪಡಸಾಲೆಯಲ್ಲಿದ್ದೆ.

“ನನ್ನ ಸಲುವಾಗರೆ ಹೋಗಬೇ ಅವ್ವಾ.”

“ನಿನ್ನ ಸಲುವಾಗೇ ಇಷ್ಟು ದಿನ ಹೋದೆನಲ್ಲ ತಂಗಿ.”

“ಅಪ್ಪ ಏನಂದ್ರು?”

“ಅವ್ರು ಏನೂ ಅಂದಿಲ್ಲ. ಅದಕ್ಕ ನನಗ ಹೆದರಿಕಿ ಆಗ್ಯದ.”

ಇಬ್ಬರೂ ನಕ್ಕರು. ಆಮೇಲೆ ಸೃಷ್ಟಿ ಅಳುವುದು ಕೇಳಿಸಿತು. ಹೊರಗೆ ಬಂದು ನನ್ನ ಮೇಲೆ ಹರಿಹಾಯ್ದಳು. “ಊರ ಮಂದಿ ಜೋಡಿ ವಾದ ಮಾಡ್ತೀರಿ, ಬಸ್ಸಿನ ಸಲುವಾಗಿ ಕಾಗದ ಬರೀತೀರಿ. ಅವ್ವನ ಜೋಡಿ ಒಂದ್ ಮಾತು ವಾದ ಮಾಡ್ರಿ ಈಗ!”

ಮಾಡಲು ನನ್ನ ಬಳಿ ಎಲ್ಲ ಅಂಶಗಳೂ ಇದ್ದವು. ಬಾಯಿ ತೆರೆದೆ. ಆ ಉಬ್ಬಿದ ನರ ಕಣ್ಣ ಮುಂದೆ ಬಂತು.

೨೭ ಜನವರಿ, ಮಂಗಳವಾರ

ಪ್ರತಿ ಪಾಳಿಗೂ ಬರುತ್ತಿದ್ದಾಳೆ. ಕಾಕ್ ಮುಚ್ಚಿರುತ್ತದೆ, ಗಾಡಿ ಶುರುವಾಗುತ್ತದೆ. ನನಗಾಗಿ ಬರುತ್ತಿದ್ದಾಳೆ ಎಂದು ಗೊತ್ತು.

ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿ ಮಾತಾಡಿದರು. ಸೃಷ್ಟಿ ಫೋನಿನಲ್ಲಿದ್ದಳು. ಹೃದಯವೂ ಸೋತಿದೆಯಂತೆ. ಹೀಗೆ ಮುಂದುವರಿದರೆ ಕೆಲವು ತಿಂಗಳು ಇರಬಹುದು, ನಿಲ್ಲಿಸಿದರೆ ಕೆಲವು ದಿನಗಳು, ಹೆಚ್ಚೆಂದರೆ ವಾರಗಳು. ಶಾರದಾಳೇ ಕೇಳಿದಳು, “ಉಸಿರು ಕಟ್ಟಿ ಹೋಗೂದು ಭಾಳ ಕಷ್ಟ ಇರ್ತದೇನ್ರಿ?” ತ್ರಾಸ ಆಗದಂಗ ಔಷಧ ಅದಾವ, ಮನಿಗೇ ಬಂದು ಕೊಡ್ತೀವಿ ಎಂದರು. ಅವಳು ಅಡುಗೆಯ ವಿಷಯ ಕೇಳಿದಂತೆ ತಲೆಯಾಡಿಸಿದಳು.

ಫೋನಿನಲ್ಲಿ ಸೃಷ್ಟಿ ಔಷಧದ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ, “ಅವ್ವ ಹೇಳಿದಂಗ ಆಗಲಿ,” ಎಂದಳು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

೮ ಫೆಬ್ರವರಿ, ಭಾನುವಾರ

ಅಳಿಯ ಕಾರು ತಂದಿದ್ದ. ಶಾರದಾಳ ತವರು ಹವಳಗಾಕ್ಕೆ ಹೋಗಿಬಂದೆವು. ಅಫಜಲಪುರ ದಾಟಿದ ಮೇಲೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಸಕ್ಕರೆ ಕಾರ್ಖಾನೆಯ ಆ ಮಂದ ಸಿಹಿ ವಾಸನೆ ಬಂದಾಗ ಅವಳು ಕಿಟಕಿ ಇಳಿಸಿದಳು. ನನಗೆ ಮೊದಲಿನಿಂದಲೂ ಆ ವಾಸನೆಗೆ ತಲೆನೋವು. ಏರಿಸು ಎನ್ನಲಿಲ್ಲ.

ಅವಳ ಅಣ್ಣನ ಹೆಂಡತಿ ಅವಳ ತಲೆ ಬಾಚಿ ಹೆಣೆದಳು. ಇಬ್ಬರೂ ಸತ್ತವರ ಸುದ್ದಿಯನ್ನೇ ಮಾತಾಡಿದರು, ನಗುತ್ತಾ.  ಹೊರಡುವಾಗ ಶಾರದಾ ಹೊಸ್ತಿಲಿಗೆ ಕೈ ಮುಟ್ಟಿಸಿ ಬಂದಳು.

೧೦ ಫೆಬ್ರವರಿ, ಮಂಗಳವಾರ

ಆಸ್ಪತ್ರೆಯಿಂದ ಬರುವಾಗ ಹೊಲದ ಬದುವಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸ್ರಿ ಎಂದಳು. ತೊಗರಿ ರಾಶಿಯಾಗಿ ಹೊಲಗಳು ಖಾಲಿಯಾಗಿದ್ದವು. ಆಗಲೇ ಬಿಸಿಲಿಗೆ ಕಾವು ಬಂದಿದೆ.

“ಶುಕ್ರವಾರ ಬ್ಯಾಡ್ರಿ.”

ನಾನು ಖಾಲಿ ಹೊಲ ನೋಡುತ್ತಾ ನಿಂತೆ.

“ಆಯ್ತು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ವಾದಕ್ಕೆ ಕಾದಿದ್ದಳೋ ಏನೋ.

“ಯಾರರೆ ಕೇಳಿದ್ರ ಏನಂತೀರಿ?”

“ಖರೇ ಇದ್ದದ್ದು ಹೇಳ್ತೀನಿ. ನಾ ಯಾವತ್ತೂ ಸುಳ್ಳು ಹೇಳಿದಾಂವ ಅಲ್ಲ.”

“ಅದು ನನಗ ಗೊತ್ತದ ಬಿಡ್ರಿ,” ಎಂದು ನಿಟ್ಟುಸಿರು ಬಿಟ್ಟಳು. ನನ್ನ ಭುಜ ಹಿಡಿದು ಸೀಟಿಗೆ ಹತ್ತಿದಳು. ಮನೆ ಬರುವ ತನಕ ಗಾಡಿಯನ್ನು ಮೆಲ್ಲಗೆ ಓಡಿಸಿದೆ.

೧೩ ಫೆಬ್ರವರಿ, ಶುಕ್ರವಾರ

ನಸುಕಿನಿಂದಲೇ ಸೆಕೆ. ಶಾರದಾಳಿಗೆ ಗಾಳಿ ಬರಲೆಂದು ಅವಳ ಮಂಚವನ್ನು ಪಡಸಾಲೆಯ ಬಾಗಿಲಿನ ಎದುರಿಗೆ ಎಳೆದೆ. ತಲೆಯ ಕೆಳಗೆ ಇನ್ನೊಂದು ದಿಂಬಿಟ್ಟೆ. ಚಹಾ ಕೇಳಿದಳು. ಅಳತೆ ನೋಡದೆ ಕೊಟ್ಟೆ. ಊದಿ ಊದಿ ನಿಧಾನ ಕುಡಿದಳು.

ಆಸ್ಪತ್ರೆಗೆ ಹೊರಡುವ ಹೊತ್ತಾಯಿತು. ಸ್ಕೂಟರ್ ಅಂಗಳದಲ್ಲಿ ಇದ್ದಲ್ಲೇ ಇತ್ತು. ನಾನು ಅದರ ಹತ್ತಿರ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತೆ. ಹೊತ್ತು ದಾಟಿತು.

ಪೀರಪ್ಪನ ಟಂಟಂ ಬಾಗಿಲ ಮುಂದೆ ಬಂದು ನಿಂತಿತು.

“ಯಾಕ್ರಿ ಸಾಹೇಬ್ರ, ಇವತ್ತು ಶುಕ್ರವಾರ. ದವಾಖಾನಿಗಿ ಹೋಗಿಲ್ಲೇನ್ರಿ?”

ಒಳಗೆ ಮಂಚ ಕಿರುಗುಟ್ಟಿತು. ಶಾರದಾ ಈ ಕಡೆ ಹೊರಳಿದ್ದಳು.

“ಗಾಡಿ ಶುರು ಆಗಲಿಲ್ಲಪ್ಪ,” ಎಂದೆ. “ಥಂಡಿ.”

ಪೀರಪ್ಪ ಹೆಗಲ ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದವನು ಕೈ ತಡೆದ. ಸ್ಕೂಟರ್ ನೋಡಿದ. ತೆರೆದ ಬಾಗಿಲಿನೊಳಗೆ ನೋಡಿದ. ಬರ್ರಿ, ನಾ ಬಿಡ್ತೀನಿ ಎನ್ನಲು ಬಾಯಿ ತೆರೆದಿದ್ದ, ನನ್ನ ಮುಖ ನೋಡಿ ಮುಚ್ಚಿಕೊಂಡ. ಟಂಟಂನ ಇಂಜಿನ್ ಬಂದ್ ಮಾಡಿ, ಇಳಿದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತ.

ಟವೆಲ್ಲಿನಿಂದ ಮತ್ತೊಮ್ಮೆ ಬೆವರು ಒರೆಸಿಕೊಂಡು ಹೇಳಿದ, “ಹೌದ್ರಿ ಸಾಹೇಬ್ರ. ಈ ವರ್ಷ ಥಂಡಿ ಹೋಗವಲ್ದು.”